ಮಿದುಳಿನ ಲೋಹ: ಮಾತ್ರೆಯೂ ನೆಲೆಯೂ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಮುಪ್ಪು ಬಂದಿತೆಂದರೆ ನೆನಪು ಮಾಸುವುದು, ಆಡಿದ ಮಾತನ್ನೇ ಮತ್ತೆ ಮತ್ತೆ ಆಡುವುದು, ಕಂಡವರ ಗುರುತು ಹತ್ತದಿರುವುದು ಸಹಜವೆಂದು ನಮ್ಮ ಹಿರಿಯರು ಬಗೆದರು. ಅದಕ್ಕೊಂದು ಹೆಸರನ್ನಿಟ್ಟು, ಆ ಹೆಸರಿನಲ್ಲಿ ಮರುಕವನ್ನೂ ನಗೆಯನ್ನೂ ಬೆರೆಸಿ, ಸುಮ್ಮನಾದರು. ಅದೇ ಮಾತನ್ನು ತಮ್ಮ ಕವನಸಂಗ್ರಹಕ್ಕೆ ಹೆಸರಾಗಿಟ್ಟು ಬೇಂದ್ರೆಯವರು ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದಾಗ ಅವರಿಗೂ ಅರವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಮನಸ್ಸು ಮರಳಿ ಅರಳಲೂಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಹಾಗಿದ್ದ ಮೇಲೆ ಕೆಲವರ ಬುದ್ಧಿ ಮಾತ್ರ ಮಸುಕಾಗುವುದೇಕೆ? ವಯಸ್ಸನ್ನೇ ಹೊಣೆ ಮಾಡಿ ಕೈ ತೊಳೆದುಕೊಂಡರೆ ಈ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ.

ವಯಸ್ಸು ಬೇರೆ, ರೋಗ ಬೇರೆ ಎಂಬ ತಿಳಿವಳಿಕೆಗೆ ಮೊದಲ ಮೆಟ್ಟಿಲಾದದ್ದು ಜರ್ಮನಿಯಲ್ಲಿ ನಡೆದ ಒಂದು ಸಂಗತಿ. ೧೯೦೧ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ ಹೆಂಗಸನ್ನು ಕರೆತಂದರು. ಆಕೆಗೆ ಆಗ ಐವತ್ತೊಂದೇ ವರ್ಷ. ತನ್ನ ಹೆಸರನ್ನು ಬರೆಯಲು ತೊಡಗಿ ನಡುವೆಯೇ ಮರೆಯುವಷ್ಟು ಆಕೆಯ ನೆನಪು ಕುಸಿದಿತ್ತು. ಆಕೆಯನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್ಜೈಮರ್, ೧೯೦೬ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಸಿ ಕಟ್ಟಿದಂಥ ಕಲೆಗಳು, ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳು ಕಂಡವು. ಅದೇ ವರ್ಷದ ನವೆಂಬರ್ ೩ರಂದು ಟ್ಯೂಬಿಂಗನ್ ನಗರದ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದರು. ೧೯೧೦ರಲ್ಲಿ ಕ್ರೇಪೆಲಿನ್ ಎಂಬ ಹಿರಿಯ ವೈದ್ಯರು ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರರ ಹೆಸರನ್ನೇ ಇಟ್ಟರು. ಇಲ್ಲಿ ಗಮನಿಸತಕ್ಕ ಸ್ವಾರಸ್ಯವೊಂದಿದೆ. ಆ ಎಳೆಗಳು ಬರಿಯ ಕಣ್ಣಿಗಾಗಲಿ ಬರಿಯ ಮಸೂರಕ್ಕಾಗಲಿ ಕಾಣುವಂಥವಲ್ಲ. ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ಬೀಲ್ಷೋವ್‌ಸ್ಕಿಯವರ ವಿಧಾನವನ್ನು ಅನುಸರಿಸಿದ್ದರಿಂದಲೇ ಅವು ಕಪ್ಪಾಗಿ ಎದ್ದು ಕಂಡವು. ಮರೆವಿನ ಈ ರೋಗವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಒಂದು ಲೋಹವೇ ಸರಿ. ರೋಗವನ್ನು ತಂದೊಡ್ಡುವುದರಲ್ಲಿಯೂ ಲೋಹಗಳ ಕೈವಾಡವಿದೆಯೇ ಎಂಬ ಪ್ರಶ್ನೆ ಆಮೇಲೆ ಹುಟ್ಟಿತು.

ಮನೆಮನೆಯ ಪ್ರಶ್ನೆ

ಈ ಪ್ರಶ್ನೆ ಪ್ರಯೋಗಶಾಲೆಯಲ್ಲಿ ಮಾತ್ರ ಉಳಿದಿಲ್ಲ. ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಪ್ರಕಾರ, ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡ ೭.೪ರಷ್ಟು ಜನ ಡಿಮೆನ್ಷಿಯ ಎಂಬ ಬುದ್ಧಿಕ್ಷಯಕ್ಕೆ ಒಳಗಾಗಿದ್ದಾರೆ. ಒಟ್ಟು ಲೆಕ್ಕ ಸುಮಾರು ೮೮ ಲಕ್ಷ. ಆಲ್ಜೈಮರ್ ರೋಗ ಇದರ ಕಾರಣಗಳಲ್ಲಿ ಮುಖ್ಯವಾದುದು. ಇಷ್ಟು ಮನೆಗಳಲ್ಲಿ ಇಷ್ಟು ಮಂದಿ ‘ಹೀಗೇಕಾಯಿತು?’ ಎಂದು ಕೇಳುತ್ತಿದ್ದಾರೆ. ಕೇಳಿದವರಿಗೆ ಸಿಕ್ಕುವ ಉತ್ತರ ಬಹುಮಟ್ಟಿಗೆ ಒಂದೇ: ‘ಅಲ್ಯೂಮಿನಿಯಂ ಪಾತ್ರೆ.’

ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಅವರ ಹೆಂಡತಿಗೆ ಮರೆವು ಕವಿದು, ಮಗನನ್ನು ತಮ್ಮನೆಂದು ಕರೆಯುವ ಸ್ಥಿತಿ ಬಂದಾಗ, ನೋಡಲು ಬಂದ ನೆಂಟರೊಬ್ಬರು ಅಡುಗೆಮನೆಯತ್ತ ಬೆರಳು ತೋರಿದರು. ಮರುದಿನವೇ ಅಟ್ಟದ ಮೇಲಿದ್ದ ಹಿತ್ತಾಳೆ, ತಾಮ್ರದ ಪಾತ್ರೆಗಳು ಕೆಳಗಿಳಿದವು. ಅಲ್ಯೂಮಿನಿಯಂ ಪಾತ್ರೆಗಳೆಲ್ಲ ಗುಜರಿಗೆ ಹೋದವು. ಹಾಗೆ ಹೋದದ್ದರಿಂದ ನಷ್ಟವೇನೂ ಇರಲಿಲ್ಲ. ಆದರೆ ಆ ಮನೆಯ ಸೊಸೆ, “ಇಪ್ಪತ್ತು ವರ್ಷ ಅತ್ತೆಗೆ ಈ ಕೈಯಾರೆ ವಿಷ ಬಡಿಸಿದೆನೇನೋ ಮೇಷ್ಟ್ರೇ” ಎಂದಾಗ, ಅರ್ಧ ತಿಳಿದ ಸಂಗತಿ ಎಷ್ಟು ಕ್ರೂರವಾಗಬಲ್ಲುದೆಂಬುದು ಮನಸ್ಸಿಗೆ ನಾಟಿತು. ಆಕೆಯ ಮಾತಿಗೆ ಸರಿಯಾದ ಉತ್ತರವೇನೆಂದು ಅರಸಿ ಹೊರಟದ್ದರ ಫಲ ಈ ಲೇಖನ. ನಾನು ವೈದ್ಯನಲ್ಲ, ವೈದ್ಯಶಾಸ್ತ್ರದವರು ಬರೆದಿಟ್ಟದ್ದನ್ನು ಓದಿ ತಿಳಿದುಕೊಂಡವನು ಮಾತ್ರ.

ಅಲ್ಯೂಮಿನಿಯಂ ಮೇಲಿನ ಆಪಾದನೆ

ಆಪಾದನೆ ಆಧಾರವಿಲ್ಲದೆ ಹುಟ್ಟಿದ್ದಲ್ಲ. ೧೯೬೫ರಲ್ಲಿ ಅಮೆರಿಕದಲ್ಲಿ ಕ್ಲಾಟ್ಸೋ ಮತ್ತು ಅವರ ಸಂಗಡಿಗರು ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣವನ್ನು ಸೇರಿಸಿದಾಗ, ನರಕೋಶಗಳಲ್ಲಿ ಸಿಕ್ಕುಗಟ್ಟಿದ ಎಳೆಗಳು ಕಾಣಿಸಿಕೊಂಡವು. ೧೯೭೩ರಲ್ಲಿ ಟೊರಾಂಟೊ ನಗರದ ಕ್ರ್ಯಾಪರ್, ಕೃಷ್ಣನ್ ಮತ್ತು ಡಾಲ್ಟನ್ ಎಂಬವರು, ಆಲ್ಜೈಮರ್ ರೋಗದಿಂದ ತೀರಿಕೊಂಡವರ ಮಿದುಳಿನ ಕೆಲವು ಭಾಗಗಳಲ್ಲಿ ಅಲ್ಯೂಮಿನಿಯಂ ಹೆಚ್ಚಾಗಿದೆಯೆಂದು ವರದಿ ಮಾಡಿದರು. ೧೯೭೬ರಲ್ಲಿ ಇನ್ನೂ ಗಂಭೀರವಾದ ಸುದ್ದಿ ಡೆನ್ವರ್ ನಗರದಿಂದ ಬಂದಿತು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಕೆಲವು ರೋಗಿಗಳಿಗೆ ಮಾತು ತಡವರಿಸಿ, ಬುದ್ಧಿ ಕದಡಿ, ಸೆಳವು ಬಂದು ಸಾವು ಬರುತ್ತಿತ್ತು. ಇದು ಅಲ್ಯೂಮಿನಿಯಂ ನಂಜಿರಬಹುದೆಂದು ಆಲ್ಫ್ರೆ ಮತ್ತು ಅವರ ಜೊತೆಗಾರರು ತೋರಿಸಿದರು. ರಕ್ತವನ್ನು ಶುದ್ಧಿಮಾಡಲು ಬಳಸುವ ನೀರಿನಲ್ಲಿದ್ದ ಅಲ್ಯೂಮಿನಿಯಂ, ಜೊತೆಗೆ ಅವರು ನುಂಗುತ್ತಿದ್ದ ಅಲ್ಯೂಮಿನಿಯಂ ಬೆರೆತ ಔಷಧ, ಇವೆರಡೂ ಅದಕ್ಕೆ ಕಾರಣವಾಗಿದ್ದವು. ನೀರನ್ನು ಚೆನ್ನಾಗಿ ಶೋಧಿಸತೊಡಗಿದ ಮೇಲೆ ಆ ರೋಗ ಬಹುಮಟ್ಟಿಗೆ ಹಿಂದೆ ಸರಿಯಿತು.

ಇಷ್ಟನ್ನು ಓದಿದವರು ಪಾತ್ರೆಯೇ ಅಪರಾಧಿಯೆಂದು ತೀರ್ಪು ಕೊಡುವುದು ಸುಲಭ. ಆದರೆ ವಿಚಾರಣೆ ಇಲ್ಲಿಗೇ ಮುಗಿಯಲಿಲ್ಲ. ಮೊಲಗಳಲ್ಲಿ ಕಂಡ ಎಳೆಗಳ ರಚನೆ ಬೇರೆ, ಆಲ್ಜೈಮರ್ ರೋಗಿಗಳ ಎಳೆಗಳ ರಚನೆ ಬೇರೆ ಎಂಬುದು ಮುಂದೆ ಗೊತ್ತಾಯಿತು. ಡಯಾಲಿಸಿಸ್ ರೋಗಿಗಳಿಗೆ ಬಂದ ಬುದ್ಧಿಕ್ಷಯದಲ್ಲಿ ಆಲ್ಜೈಮರ್ ರೋಗದ ಗುರುತಾದ ಆ ಕಲೆ, ಎಳೆಗಳ ಚಿತ್ರ ಕಂಡುಬರಲಿಲ್ಲ. ಅಲ್ಲದೆ ಅಲ್ಯೂಮಿನಿಯಂ ಭೂಮಿಯ ಹೊರಪದರದ ಶೇಕಡ ೮ರಷ್ಟಿದೆ. ಧೂಳಿನಲ್ಲಿ, ಗಾಜಿನಲ್ಲಿ, ಬಣ್ಣಕಟ್ಟುವ ರಾಸಾಯನಿಕಗಳಲ್ಲಿ ಎಲ್ಲೆಲ್ಲಿಯೂ ಇದೆ. ಪರೀಕ್ಷೆಗೆ ತೆಗೆದ ಮಿದುಳಿನ ತುಣುಕಿಗೆ ಅದು ಹೊರಗಿನಿಂದ ಅಂಟಿಕೊಳ್ಳುವುದು ಕಷ್ಟವೇನೂ ಅಲ್ಲ. ೧೯೯೨ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಯಾವ ರಾಸಾಯನಿಕವನ್ನೂ ಸೋಕಿಸದೆ, ಪರಮಾಣು ಕಣಗಳ ಸೂಕ್ಷ್ಮದರ್ಶಕದಿಂದ ಆ ಕಲೆಗಳನ್ನು ಪರೀಕ್ಷಿಸಿದಾಗ ಅವುಗಳ ತಿರುಳಿನಲ್ಲಿ ಅಲ್ಯೂಮಿನಿಯಂ ಕಾಣಲಿಲ್ಲ.

ಹಾಗಾದರೆ ಡಯಾಲಿಸಿಸ್ ರೋಗಿಗಳಿಗೆ ಅದು ನಂಜಾದದ್ದು ಹೇಗೆ? ಉತ್ತರ ಅದು ಹೊಕ್ಕ ದಾರಿಯಲ್ಲಿದೆ. ಊಟದ ಮೂಲಕ ಹೊಟ್ಟೆಗೆ ಸೇರಿದ ಅಲ್ಯೂಮಿನಿಯಂನಲ್ಲಿ ಶೇಕಡ ಒಂದಕ್ಕಿಂತ ಕಡಮೆ ಪಾಲು ರಕ್ತಕ್ಕೆ ಇಳಿಯುತ್ತದೆ. ಇಳಿದದ್ದನ್ನು ಆರೋಗ್ಯವಾದ ಮೂತ್ರಪಿಂಡಗಳು ಹೊರದೂಡುತ್ತವೆ. ಆ ರೋಗಿಗಳಲ್ಲಿಯಾದರೋ ಕರುಳೆಂಬ ಹೆಬ್ಬಾಗಿಲನ್ನು ದಾಟುವ ಗೋಜೇ ಇಲ್ಲದೆ ಲೋಹ ನೇರವಾಗಿ ರಕ್ತವನ್ನು ಸೇರುತ್ತಿತ್ತು. ಹೊರದೂಡಬೇಕಾದ ಮೂತ್ರಪಿಂಡಗಳು ಮೊದಲೇ ಸೋತಿದ್ದವು. ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ೨೦೧೧ರಲ್ಲಿ, ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ವಾರಕ್ಕೆ ೨ ಮಿಲಿಗ್ರಾಂ ಅಲ್ಯೂಮಿನಿಯಂ ಸಹನೀಯವೆಂದು ಮಿತಿ ಹಾಕಿತು. ಹುಣಿಸೆಹುಳಿಯ ಸಾರನ್ನೂ ಟೊಮೇಟೊ ಗೊಜ್ಜನ್ನೂ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಸಿ ಅಲ್ಲಿಯೇ ಇಡಬಾರದೆಂಬುದು ಒಪ್ಪತಕ್ಕ ಎಚ್ಚರಿಕೆ. ಹುಳಿಗೆ ಆ ಲೋಹ ಹೆಚ್ಚು ಕರಗುತ್ತದೆ. ಆದರೆ ಅದರಲ್ಲಿ ಅನ್ನ ಮಾಡಿ ಬಡಿಸಿದ ಕೈ ಈ ರೋಗವನ್ನು ತಂದಿತೆಂಬುದಕ್ಕೆ ಪುರಾವೆಯಿಲ್ಲ. ಆ ಸೊಸೆಗೂ, ಆಕೆಯಂತೆ ಒಳಗೊಳಗೇ ಕೊರಗುವ ಇತರರಿಗೂ, ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಬೇಕಾದ ಲೋಹಗಳು

ಅಲ್ಯೂಮಿನಿಯಂನಿಂದ ಮಿದುಳಿಗೆ ಆಗಬೇಕಾದ ಕೆಲಸವೇನೂ ಇಲ್ಲ. ಆದರೆ ಕಬ್ಬಿಣ, ತಾಮ್ರ, ಸತುವುಗಳ ವಿಷಯ ಹಾಗಲ್ಲ. ಇವು ಇಲ್ಲದೆ ಮಿದುಳು ಒಂದು ಗಳಿಗೆಯೂ ನಡೆಯದು. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ ೨ರಷ್ಟು ಮಾತ್ರ. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು ಶೇಕಡ ೨೦ನ್ನು ಅದೊಂದೇ ಬಳಸುತ್ತದೆ. ಆ ಆಮ್ಲಜನಕವನ್ನು ಹೊತ್ತು ತರಲು ಕಬ್ಬಿಣ ಬೇಕು. ಜೀವಕೋಶದಲ್ಲಿ ಅದನ್ನು ಶಕ್ತಿಯಾಗಿ ಮಾರ್ಪಡಿಸಲು ಕಬ್ಬಿಣ, ತಾಮ್ರ ಎರಡೂ ಬೇಕು. ನರತಂತುಗಳ ಮೇಲಿನ ಹೊದಿಕೆಯ ನೆಯ್ಗೆಗೆ ಕಬ್ಬಿಣ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ಸಿನಲ್ಲಿ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ದಾಟುವಾಗ ಸತುವು, ಹೀಗೆ ಒಂದೊಂದಕ್ಕೂ ಒಂದೊಂದು ಊಳಿಗವಿದೆ.

ಸ್ವೀಡನ್ನಿನ ಹಾಲ್‌ಗ್ರೆನ್ ಮತ್ತು ಸೌರಾಂಡರ್ ಎಂಬವರು ೧೯೫೮ರಲ್ಲಿ, ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮಿದುಳುಗಳಲ್ಲಿ ರಕ್ತದ ಕಬ್ಬಿಣವನ್ನು ಬಿಟ್ಟು ಉಳಿದ ಕಬ್ಬಿಣವನ್ನು ಅಳೆದು ಲೆಕ್ಕ ಕೊಟ್ಟರು. ಹುಟ್ಟಿದಾಗ ಅತ್ಯಲ್ಪವಾಗಿದ್ದ ಕಬ್ಬಿಣ ಮೊದಲ ಎರಡು ಮೂರು ದಶಕಗಳಲ್ಲಿ ಬಿರುಸಿನಿಂದ ಏರಿ, ಆಮೇಲೆ ಬಹುಪಾಲು ಭಾಗಗಳಲ್ಲಿ ನಿಧಾನವಾಗುತ್ತದೆಂದು ಅವರು ಕಂಡರು. ಚಲನೆಯನ್ನು ಹದದಲ್ಲಿಡುವ ಪ್ಯಾಲಿಡಮ್ ಎಂಬ ಒಳಭಾಗದಲ್ಲಿ ಅದು ೧೦೦ ಗ್ರಾಂಗೆ ಸುಮಾರು ೨೧ ಮಿಲಿಗ್ರಾಂನಷ್ಟು ಸೇರಿಕೊಂಡಿತ್ತು. ಕಬ್ಬಿಣದ ಕಣಜವೆನಿಸಿದ ಯಕೃತ್ತಿನಲ್ಲಿಯೂ ಅಷ್ಟಿರಲಿಲ್ಲ.

ಇಷ್ಟು ಲೋಹವನ್ನು ಒಳಗಿಟ್ಟುಕೊಂಡು ಬಾಳುವುದು ಸುಲಭವಲ್ಲ. ಬಿಡಿಯಾಗಿ ತಿರುಗುವ ಕಬ್ಬಿಣ ಎಂಥ ಪುಂಡನೆಂಬುದನ್ನು ಕೇಂಬ್ರಿಜ್ಜಿನ ಫೆಂಟನ್ ಎಂಬ ರಸಾಯನಶಾಸ್ತ್ರಜ್ಞರು ೧೮೯೪ರಲ್ಲಿಯೇ ಬರೆದಿಟ್ಟಿದ್ದರು. ಟಾರ್ಟಾರಿಕ್ ಆಮ್ಲಕ್ಕೆ, ಎಂದರೆ ನಮ್ಮ ಹುಣಿಸೆಹಣ್ಣಿಗೆ ಹುಳಿಯನ್ನು ಕೊಡುವ ಆಮ್ಲಕ್ಕೆ, ಹೈಡ್ರೊಜನ್ ಪೆರಾಕ್ಸೈಡನ್ನೂ ಚಿಟಿಕೆಯಷ್ಟು ಕಬ್ಬಿಣದ ಲವಣವನ್ನೂ ಬೆರೆಸಿದರೆ ಆಮ್ಲವು ಬೇಗನೆ ಉತ್ಕರ್ಷಣಗೊಳ್ಳುವುದನ್ನು ಅವರು ಕಂಡರು. ಅದೇ ಬಗೆಯ ಕ್ರಿಯೆ ಜೀವಕೋಶದಲ್ಲಿ ಕಡಿವಾಣವಿಲ್ಲದೆ ನಡೆದರೆ ಕೋಶದ ಕೊಬ್ಬು, ಪ್ರೋಟೀನು ಎಲ್ಲವೂ ಸುಟ್ಟಂತಾಗುತ್ತವೆ. ಆದ್ದರಿಂದ ಪ್ರಕೃತಿ ಲೋಹಗಳನ್ನು ಬಿಡಿಯಾಗಿ ಅಲೆಯಗೊಡುವುದಿಲ್ಲ. ಫೆರಿಟಿನ್ ಎಂಬ ಪ್ರೋಟೀನಿನ ಒಂದೊಂದು ಗೋಳವೂ ೪,೫೦೦ ಕಬ್ಬಿಣದ ಪರಮಾಣುಗಳವರೆಗೆ ತನ್ನೊಳಗೆ ಮುಚ್ಚಿಟ್ಟುಕೊಳ್ಳಬಲ್ಲುದು. ತಾಮ್ರಕ್ಕೂ ಸತುವಿಗೂ ಹೀಗೆಯೇ ಹೊರುವವರು, ಕಾಯುವವರು ಬೇರೆ ಬೇರೆ ಇದ್ದಾರೆ.

ನಮ್ಮ ಅಜ್ಜಿಯಂದಿರಿಗೆ ಈ ತತ್ತ್ವ ಇನ್ನೊಂದು ರೀತಿಯಲ್ಲಿ ಗೊತ್ತಿತ್ತು. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಏಳುತ್ತದೆ. ಆ ಕಿಲುಬು ಹೊಟ್ಟೆಗೆ ಕೇಡು. ಹಾಗೆಂದು ಅವರು ಪಾತ್ರೆಯನ್ನು ಬಿಸಾಡಲಿಲ್ಲ. ವರ್ಷಕ್ಕೊಂದೆರಡು ಸಲ ಬೀದಿಗೆ ಬರುತ್ತಿದ್ದ ಕಲಾಯಿಯವನು ತಿದಿಯೂದಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಬಟ್ಟೆಯಿಂದ ಸವರಿ ಒಳಮೈಯನ್ನು ಬೆಳ್ಳಗೆ ಮಾಡಿಕೊಡುತ್ತಿದ್ದನು. ತಾಮ್ರ ಅಲ್ಲಿಯೇ ಇರುತ್ತಿತ್ತು. ಹುಳಿಯೊಡನೆ ಅದರ ಸಂಪರ್ಕ ಮಾತ್ರ ತಪ್ಪುತ್ತಿತ್ತು. ಮಿದುಳಿನಲ್ಲಿ ಜೀವಮಾನವೆಲ್ಲ ನಡೆಯುವುದು ಇಂಥ ಕಲಾಯಿಯ ಕೆಲಸವೇ. ಮುಪ್ಪಿನಲ್ಲಿ ಆ ಕಲಾಯಿ ಅಲ್ಲಲ್ಲಿ ಸವೆಯುತ್ತದೆಯೆಂಬುದು ಈಗಿನ ವಿಜ್ಞಾನಿಗಳಲ್ಲಿ ಅನೇಕರ ಊಹೆ.

ಗೆದ್ದ ಕಥೆ

ಲೋಹದಿಂದ ಬುದ್ಧಿ ಕೆಟ್ಟು, ಲೋಹವನ್ನು ಹೊರಹಾಕಿದ್ದರಿಂದ ಬುದ್ಧಿ ಮರಳಿದ ಉದಾಹರಣೆ ಒಂದುಂಟು. ೧೯೧೨ರಲ್ಲಿ ಲಂಡನ್ನಿನ ವೈದ್ಯ ಕಿನಿಯರ್ ವಿಲ್ಸನ್, ಹರೆಯದವರಲ್ಲಿ ಕೈಕಾಲು ನಡುಗಿ, ಮಾತು ತೊದಲಿ, ನಡತೆಯೂ ಬುದ್ಧಿಯೂ ಕೆಟ್ಟು, ಯಕೃತ್ತು ಗಡುಸಾಗಿ ಸಾವಿನಲ್ಲಿ ಮುಗಿಯುವ ವಂಶಪಾರಂಪರ್ಯವಾದ ರೋಗವೊಂದನ್ನು ವಿವರಿಸಿದರು. ಈ ರೋಗಿಗಳ ಕಣ್ಣಿನ ಪಾಪೆಯ ಸುತ್ತ, ಕಾರ್ನಿಯದ ಅಂಚಿನಲ್ಲಿ, ಹಸುರು ಕಂದು ಬಣ್ಣದ ಬಳೆಯೊಂದು ಕಾಣುವುದುಂಟು; ಅದು ತಾಮ್ರದ ಬಳೆ. ರೋಗಿಗಳ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ತಾಮ್ರ ಅತಿಯಾಗಿ ಸೇರಿಕೊಂಡಿರುವುದನ್ನು ೧೯೪೮ರಲ್ಲಿ ಕಮಿಂಗ್ಸ್ ತೋರಿಸಿದರು. ೧೯೫೬ರಲ್ಲಿ ಜಾನ್ ವಾಲ್ಷೆ ಎಂಬ ವೈದ್ಯರು, ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೊಯ್ಯುವ ಪೆನಿಸಿಲಮೀನ್ ಎಂಬ ಮದ್ದನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ಸಾವನ್ನೇ ನಿರೀಕ್ಷಿಸುತ್ತಿದ್ದ ಎಷ್ಟೋ ಮಂದಿ ಎದ್ದು ನಡೆದಾಡಿದರು. ಮುಂದೆ ಸತುವಿನ ಲವಣವೂ ಮದ್ದಾಯಿತು. ಅದು ಕರುಳಿನಲ್ಲಿ ತಾಮ್ರವನ್ನು ತಡೆಹಿಡಿಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ತಾಮ್ರವನ್ನು ಪಿತ್ತದ ಮೂಲಕ ಹೊರದೂಡುವ ಪ್ರೋಟೀನಿನ ಜೀನು ಕೆಟ್ಟಿರುವುದೇ ರೋಗಮೂಲವೆಂಬುದು ೧೯೯೩ರಲ್ಲಿ ತಿಳಿಯಿತು.

ಈ ರೋಗ ನಮಗೆ ದೂರದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ತಾವು ಪರೀಕ್ಷಿಸಿದ ೨೮೨ ವಿಲ್ಸನ್ ರೋಗಿಗಳ ವಿವರವನ್ನು ೨೦೦೭ರಲ್ಲಿ ಪ್ರಕಟಿಸಿದರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದಾಗ ಮಾತ್ರ ರೋಗ ತಲೆದೋರುವುದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಸೀಮೆಯಲ್ಲಿ ಅದರ ಸಂಭವ ಹೆಚ್ಚು. ಓದುತ್ತಿದ್ದ ಹುಡುಗನ ಅಕ್ಷರ ಕೆಟ್ಟು, ಮಾತು ತೊದಲಿ, ಸ್ವಭಾವ ಬದಲಾದರೆ ದೃಷ್ಟಿ ತಗುಲಿತೆಂದು ಕುಳಿತುಕೊಳ್ಳದೆ ಕಣ್ಣನ್ನೂ ರಕ್ತವನ್ನೂ ಪರೀಕ್ಷಿಸಬೇಕು. ಬೇಗ ಹಿಡಿದರೆ ಇದು ವಾಸಿಗೆ ಒಗ್ಗುವ ರೋಗ. ಮದ್ದನ್ನು ಮಾತ್ರ ಜೀವಮಾನವೆಲ್ಲ ಬಿಡಬಾರದು.

ತೆಗೆದರೆ ತೀರೀತೆ?

ವಿಲ್ಸನ್ ರೋಗದಲ್ಲಿ ಗೆದ್ದ ವಿದ್ಯೆ ಆಲ್ಜೈಮರ್ ರೋಗದಲ್ಲಿಯೂ ಏಕೆ ಗೆಲ್ಲಬಾರದೆಂದು ಯೋಚಿಸಿದ್ದು ಸ್ವಾಭಾವಿಕ. ರೋಗಿಗಳ ಮಿದುಳಿನ ಕಲೆಗಳು ಅಮೈಲಾಯ್ಡ್ ಎಂಬ ಪ್ರೋಟೀನಿನಿಂದಾದವು. ಸತುವು ಸೋಕಿದೊಡನೆ ಆ ಪ್ರೋಟೀನು ಗರಣೆ ಕಟ್ಟುವುದನ್ನು ಆಷ್ಲಿ ಬುಷ್ ಮತ್ತು ಸಂಗಡಿಗರು ೧೯೯೪ರಲ್ಲಿ ತೋರಿಸಿದರು. ಆ ಕಲೆಗಳಲ್ಲಿ ತಾಮ್ರ, ಸತುವು, ಕಬ್ಬಿಣ ಮೂರೂ ಕಿಕ್ಕಿರಿದಿರುವುದನ್ನು ೧೯೯೮ರಲ್ಲಿ ಅಮೆರಿಕದ ಕೆಂಟಕಿಯ ಸಂಶೋಧಕರು ಅಳೆದರು. ಆದರೆ ಒಟ್ಟು ಮಿದುಳನ್ನು ತೆಗೆದುಕೊಂಡು ಅಳೆದಾಗ ತಾಮ್ರ ಇರಬೇಕಾದುದಕ್ಕಿಂತ ಕಡಮೆಯೆಂದು ಹಲವು ಅಧ್ಯಯನಗಳು ಹೇಳಿದುವು. ಕೆರೆಯ ಏರಿ ಒಡೆದು ಕೇರಿಗೆ ನೀರು ನುಗ್ಗಿದಾಗ ಗದ್ದೆ ಒಣಗುವಂತೆ, ಬೇಡವಾದ ಕಡೆ ಲೋಹ ಗುಡ್ಡೆಯಾಗಿ ಬಿದ್ದು, ಬೇಕಾದ ಕಡೆ ಬರ ಬಂದಿತ್ತು.

ಛಂದಸ್ಸನ್ನು ಪಾಠ ಹೇಳುವವನಿಗೆ ಇದನ್ನು ಓದುವಾಗ ಭಾಮಿನಿ ಷಟ್ಪದಿಯ ನೆನಪಾಗದೆ ಇರದು. ಅದರ ಮೊದಲ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕರಂತೆ ಹದಿನಾಲ್ಕು ಮಾತ್ರೆಗಳು. ಗಣಗಳನ್ನು ಅದಲುಬದಲು ಮಾಡಿ ನಾಲ್ಕು, ನಾಲ್ಕು, ಮೂರು, ಮೂರು ಎಂದಿಟ್ಟರೂ ಮೊತ್ತ ಹದಿನಾಲ್ಕೇ ಆಗುತ್ತದೆ. ಆದರೆ ಅದು ಭಾಮಿನಿಯಾಗುವುದಿಲ್ಲ. ಮಾತ್ರೆಯ ಲೆಕ್ಕ ಸರಿಯಿದ್ದರೆ ಸಾಲದು, ಮಾತ್ರೆ ತನ್ನ ನೆಲೆಯಲ್ಲಿಯೂ ಇರಬೇಕು. ವೈದ್ಯರು ಕೊಡುವ ಗುಳಿಗೆಗೂ ನಾವು ಮಾತ್ರೆಯೆಂದೇ ಹೆಸರಿಟ್ಟಿದ್ದೇವೆ. ಅಳತೆಯೆಂಬ ಮೂಲಾರ್ಥ ಅದರಲ್ಲಿ ಇನ್ನೂ ಉಳಿದಿದೆ.

ನೆಲೆಯನ್ನು ಮರೆತು ಮೊತ್ತವನ್ನಷ್ಟೇ ಇಳಿಸಹೊರಟರೆ ಏನಾಗುತ್ತದೆಂಬುದನ್ನು ಇತ್ತೀಚಿನ ಪ್ರಯೋಗಗಳು ಕಲಿಸಿಕೊಟ್ಟಿವೆ. ಕ್ಲಯೋಕ್ವಿನಾಲ್ ಎಂಬ ಹಳೆಯ ಹೊಟ್ಟೆಮದ್ದು ತಾಮ್ರ, ಸತುವುಗಳನ್ನು ಹಿಡಿಯಬಲ್ಲುದು. ಜಪಾನಿನಲ್ಲಿ ಅದನ್ನು ನುಂಗಿದ ಸಾವಿರಾರು ಮಂದಿಗೆ ಕಣ್ಣು, ಕಾಲುಗಳ ನರಗಳು ಕೆಟ್ಟು, ೧೯೭೦ರಲ್ಲಿ ಅಲ್ಲಿ ಅದರ ಮಾರಾಟವನ್ನು ನಿಲ್ಲಿಸಿದ್ದರು. ೨೦೦೩ರಲ್ಲಿ ೩೬ ಆಲ್ಜೈಮರ್ ರೋಗಿಗಳ ಮೇಲೆ ಅದನ್ನೇ ಎಚ್ಚರಿಕೆಯಿಂದ ಪ್ರಯೋಗಿಸಿದಾಗ ಸ್ವಲ್ಪ ಆಸೆ ಚಿಗುರಿತು. ಆದರೆ ಅದರ ಸಂತತಿಯ ಹೊಸ ಮದ್ದು ೨೦೧೪ರಲ್ಲಿ ಪರೀಕ್ಷೆಯ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಕಬ್ಬಿಣದ ಕಥೆ ಇನ್ನೂ ಕಹಿಯಾದುದು. ಥಲಸ್ಸೀಮಿಯದ ಮಕ್ಕಳ ದೇಹದಿಂದ ಹೆಚ್ಚುವರಿ ಕಬ್ಬಿಣವನ್ನು ತೆಗೆಯುವ ಡೆಫೆರಿಪ್ರೋನ್ ಎಂಬ ಮದ್ದನ್ನು ಪಾರ್ಕಿನ್ಸನ್ ರೋಗವಿದ್ದ ೩೭೨ ಮಂದಿಯ ಪರೀಕ್ಷೆಯಲ್ಲಿ ೩೬ ವಾರ ಕೊಟ್ಟು ನೋಡಿದರು. ೨೦೨೨ರಲ್ಲಿ ಬಂದ ಫಲಿತಾಂಶದಂತೆ, ಮದ್ದು ಕುಡಿದವರ ಸ್ಥಿತಿ ಕುಡಿಯದವರಿಗಿಂತ ಕೆಟ್ಟಿತ್ತು. ಆಸ್ಟ್ರೇಲಿಯದಲ್ಲಿ ಆಲ್ಜೈಮರ್ ರೋಗದ ಮೊದಲ ಹಂತದಲ್ಲಿದ್ದ ೮೧ ಮಂದಿಯನ್ನು ಒಂದು ವರ್ಷ ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ವರದಿಯೂ ಹೀಗೆಯೇ ಇತ್ತು. ಹಿಪೊಕ್ಯಾಂಪಸ್ಸಿನ ಕಬ್ಬಿಣವೇನೋ ಕಡಮೆಯಾಯಿತು. ಆದರೆ ಬುದ್ಧಿ ಇನ್ನೂ ಬೇಗ ಇಳಿಯಿತು. ಕಿಲುಬು ಕೀಳಹೋಗಿ ಪಾತ್ರೆಗೇ ತೂತು ಬಿದ್ದಂತಾಯಿತು.

ಕೊರತೆಯ ಕಥೆ

ಇದುವರೆಗಿನ ಅನ್ವೇಷಣೆ ಬಹುಮಟ್ಟಿಗೆ ಮಿದುಳಿನಲ್ಲಿ ಹೆಚ್ಚಾದುದೇನು ಎಂಬುದನ್ನು ಹುಡುಕಿತು. ೨೦೨೫ರ ಆಗಸ್ಟಿನಲ್ಲಿ ಹಾರ್ವರ್ಡಿನ ಬ್ರೂಸ್ ಯಾಂಕ್ನರ್ ಮತ್ತು ಅವರ ಬಳಗ, ಕಡಮೆಯಾದುದೇನು ಎಂಬುದಕ್ಕೆ ಉತ್ತರವಾಗಿ ಒಂದು ಸಂಗತಿಯನ್ನು ಮುಂದಿಟ್ಟಿತು. ತೀರಿಕೊಂಡವರ ಮಿದುಳುಗಳಲ್ಲಿ ೨೭ ಲೋಹಗಳನ್ನು ಅಳೆದು ನೋಡಿದಾಗ, ಮರೆವಿನ ಮೊದಲ ಹಂತದಲ್ಲಿಯೇ ಗಣನೀಯವಾಗಿ ಇಳಿದಿದ್ದುದು ಲಿಥಿಯಂ ಒಂದೇ. ಮಿದುಳಿನಲ್ಲಿ ಅದರ ಸಹಜ ಪ್ರಮಾಣವೇ ಅತ್ಯಲ್ಪ. ಆ ಅಲ್ಪವನ್ನೂ ಅಮೈಲಾಯ್ಡ್ ಕಲೆಗಳು ಹಿಡಿದಿಟ್ಟುಕೊಂಡು ಉಳಿದ ಭಾಗಕ್ಕೆ ಸಿಗದಂತೆ ಮಾಡುತ್ತವೆಯೆಂದು ಅವರು ಕಂಡರು. ಇಲಿಗಳ ಆಹಾರದಿಂದ ಲಿಥಿಯಂನ್ನು ಕಡಮೆ ಮಾಡಿದಾಗ ರೋಗಲಕ್ಷಣಗಳು ಹೆಚ್ಚಿದುವು. ಕಲೆಗಳ ಹಿಡಿತಕ್ಕೆ ಸುಲಭವಾಗಿ ಸಿಕ್ಕದ ಲಿಥಿಯಂ ಓರೊಟೇಟ್ ಎಂಬ ಲವಣವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳ ನೆನಪು ಸುಧಾರಿಸಿತು. ಇಲ್ಲಿಯೂ ಲೋಹ ಮಿದುಳನ್ನು ಬಿಟ್ಟು ಹೋಗಿರಲಿಲ್ಲ. ನೆಲೆ ತಪ್ಪಿ ಕುಳಿತಿತ್ತು.

ಇದು ಹಿಗ್ಗತಕ್ಕ ಸುದ್ದಿಯೇ. ಆದರೆ ಹಿಗ್ಗಿ ಅಂಗಡಿಗೆ ಓಡತಕ್ಕ ಸುದ್ದಿಯಲ್ಲ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಮದ್ದುಗಳ ಸಾಲು ಉದ್ದವಾಗಿದೆ. ಆಸ್ಟ್ರೇಲಿಯದ ಜಾನ್ ಕೇಡ್ ೧೯೪೯ರಲ್ಲಿ ಉನ್ಮಾದಕ್ಕೆ ಮದ್ದೆಂದು ತೋರಿಸಿದಂದಿನಿಂದ ಮನೋವೈದ್ಯರು ಲಿಥಿಯಂನ್ನು ಬಳಸುತ್ತಿದ್ದಾರೆ. ಅಳತೆ ಮೀರಿದರೆ ಅದು ಪ್ರಾಣಕ್ಕೆ ಅಪಾಯ. ಬಹುಕಾಲ ಸೇವಿಸಿದರೆ ಮೂತ್ರಪಿಂಡಕ್ಕೂ ಥೈರಾಯ್ಡ್ ಗ್ರಂಥಿಗೂ ತೊಂದರೆ ಕೊಡಬಹುದು. ಆದ್ದರಿಂದಲೇ ಆ ರೋಗಿಗಳ ರಕ್ತವನ್ನು ಆಗಾಗ ಪರೀಕ್ಷಿಸುತ್ತಾರೆ. ಮುಪ್ಪಿನ ದೇಹ ಇದನ್ನು ತಾಳುವ ಶಕ್ತಿ ಇನ್ನೂ ಕಡಮೆ.

ನಮ್ಮ ಪಾಲಿನ ಕೆಲಸ

ಹೀಗಿರುವಾಗ ಗೃಹಸ್ಥರು ಮಾಡಬೇಕಾದುದೇನು? ಮೊದಲನೆಯದಾಗಿ, ಲೋಹವೆಂದೊಡನೆ ಹೆದರಿ ಇದ್ದುದನ್ನು ಬಿಡುವುದಾಗಲಿ, ಆಸೆಪಟ್ಟು ಇಲ್ಲದುದನ್ನು ನುಂಗುವುದಾಗಲಿ ಕೂಡದು. ಮಿದುಳಿಗೆ ಕಬ್ಬಿಣ ಹೆಚ್ಚಾಗುತ್ತದೆಂದು ಬಸುರಿಯೊಬ್ಬಳು ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಿದರೆ, ಅದರಿಂದ ನರಳುವುದು ಆಕೆಯೂ ಹುಟ್ಟಲಿರುವ ಕೂಸಿನ ಮಿದುಳೂ. ಕುಡಿಯುವ ನೀರಿನಲ್ಲಿ ಲೀಟರಿಗೆ ೨ ಮಿಲಿಗ್ರಾಂವರೆಗೆ ತಾಮ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಮ್ರದ ಚೊಂಬಿನ ನೀರನ್ನು ಕುಡಿಯುವವರು ಹೆದರಬೇಕಾಗಿಲ್ಲ. ಅದೇ ಚೊಂಬಿನಲ್ಲಿ ಮಜ್ಜಿಗೆಯನ್ನೋ ನಿಂಬೆಹಣ್ಣಿನ ಪಾನಕವನ್ನೋ ಇಡಬಾರದು. ನೆನಪಿನ ಶಕ್ತಿಗೆಂದು ಯಾರೋ ಕೊಟ್ಟ ಭಸ್ಮವನ್ನು ಅದರಲ್ಲೇನಿದೆಯೆಂದು ತಿಳಿಯದೆ ಹಿರಿಯರಿಗೆ ತಿನ್ನಿಸಬಾರದು. ೨೦೦೪ರಲ್ಲಿ ಪ್ರಕಟವಾದ ವರದಿಯೊಂದರಂತೆ, ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡು ಪರೀಕ್ಷಿಸಿದ ೭೦ ಆಯುರ್ವೇದದ ತಯಾರಿಕೆಗಳಲ್ಲಿ ೧೪ರಲ್ಲಿ ಸೀಸ, ಪಾದರಸ, ಪಾಷಾಣಗಳಲ್ಲಿ ಒಂದಲ್ಲ ಒಂದು ಇತ್ತು.

ಎರಡನೆಯದಾಗಿ, ಮರೆವು ಕಂಡೊಡನೆ ಅರಳು ಮರಳೆಂದು ಕೈಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಿ-೧೨ ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ, ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಮೂರನೆಯದಾಗಿ, ತಡೆಯಲು ಸಾಧ್ಯವಾದುದನ್ನು ತಡೆಯಬೇಕು. ‘ಲ್ಯಾನ್ಸೆಟ್’ ಪತ್ರಿಕೆ ನೇಮಿಸಿದ ತಜ್ಞರ ಮಂಡಳಿ ೨೦೨೪ರಲ್ಲಿ ೧೪ ಕಾರಣಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿವಾರಿಸಬಲ್ಲೆವಾದರೆ ಡಿಮೆನ್ಷಿಯದಲ್ಲಿ ಸುಮಾರು ಶೇಕಡ ೪೫ನ್ನು ತಪ್ಪಿಸಬಹುದು ಇಲ್ಲವೆ ಮುಂದೂಡಬಹುದೆಂದು ಅಂದಾಜು ಮಾಡಿತು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಕುಡಿತ, ಕಿವುಡು, ಕಣ್ಣಿನ ಮಂಜು, ಗಾಳಿಯ ಮಾಲಿನ್ಯ, ಒಂಟಿತನ, ಬಾಲ್ಯದಲ್ಲಿ ಓದು ಸಿಗದಿರುವುದು ಆ ಪಟ್ಟಿಯಲ್ಲಿವೆ. ಅಡುಗೆಮನೆಯ ಪಾತ್ರೆ ಅದರಲ್ಲಿ ಇಲ್ಲ. ಕಿವಿ ಮಂದವಾದ ಅಜ್ಜನಿಗೆ ಕಿವಿಯ ಯಂತ್ರವನ್ನು ಕೊಡಿಸಿ, ಜಗಲಿಯಲ್ಲಿ ಕುಳಿತು ಅವನೊಡನೆ ಅರ್ಧ ಗಂಟೆ ಮಾತನಾಡುವುದು ಪಾತ್ರೆ ಬದಲಿಸುವುದಕ್ಕಿಂತ ಹೆಚ್ಚಿನ ಉಪಕಾರವಾದೀತು.

ರೋಗ ಬಂದ ಮನೆಯಲ್ಲಿ ಕಾರಣವನ್ನು ಹುಡುಕುವ ಆತುರ ಸಹಜವಾದುದು. ಕಾರಣ ಸಿಕ್ಕಿದರೆ ದುಃಖಕ್ಕೊಂದು ಆಧಾರ ದೊರೆತಂತಾಗುತ್ತದೆ. ಆದರೆ ಸಿಕ್ಕಿದ ಮೊದಲ ಕಾರಣವನ್ನೇ ಹಿಡಿದು, ದಣಿದು ದುಡಿದ ಕೈಯ ಮೇಲೆ ತಪ್ಪು ಹೊರಿಸುವುದು ರೋಗಕ್ಕಿಂತ ದೊಡ್ಡ ನೋವನ್ನು ಉಂಟುಮಾಡುತ್ತದೆ. ಲೋಹಗಳ ವಿಷಯದಲ್ಲಿ ವಿಜ್ಞಾನ ನೂರು ವರ್ಷಗಳಿಂದ ಕಲಿತದ್ದು ಮಾತಿನ ವಿಷಯದಲ್ಲಿಯೂ ಸಲ್ಲುತ್ತದೆ. ತಕ್ಕ ಅಳತೆಯಲ್ಲಿ ತಕ್ಕ ನೆಲೆಯಲ್ಲಿ ನಿಂತರೆ ಅದು ಬಾಳನ್ನು ನಡೆಸುತ್ತದೆ. ನೆಲೆ ತಪ್ಪಿದರೆ ಸುಡುತ್ತದೆ. ನೆನಪನ್ನು ಕಳೆದುಕೊಂಡ ಹಿರಿಯರಿಗೆ ತಮ್ಮ ಹೆಸರು ಮರೆತುಹೋದಾಗಲೂ ಪಕ್ಕದಲ್ಲಿ ಕುಳಿತವರ ದನಿಯ ಹದ ತಿಳಿಯುತ್ತದೆ. ಅವರಿಗಾಗಿ ಮದ್ದು ಬರುವವರೆಗೆ ಆ ಹದವನ್ನು ಕಾಪಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ.